ಕಾಲೇಜು ಫುಟ್‌ಬಾಲ್ ಪಂದ್ಯದಲ್ಲಿ ಬ್ಯಾಂಡೋ, ಸ್ಪೀಕರ್ ಹಾಡೋ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಓದುತ್ತಿರುವ, ಕೆಲಸದಲ್ಲಿರುವ ಕನ್ನಡಿಗರು, ಮಕ್ಕಳನ್ನು ನೋಡಲು ಬಂದ ಅಪ್ಪ-ಅಮ್ಮಂದಿರು ಶನಿವಾರದ ಪಂದ್ಯಕ್ಕೆ ಹೋಗಿ ಬಂದ ಮೇಲೆ ಕೇಳುವ ಪ್ರಶ್ನೆಗಳಿವು. ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್. ಮೊದಲು ಸುಲಭದ ಪ್ರಶ್ನೆಗಳಿವೆ; ಧ್ವನಿ, ಕಾನೂನು, ಜಗಳದ ವಿಷಯಗಳು ಆಮೇಲೆ.

## ಮೊದಲ ಸಲ ಹೋಗುವವರಿಗೆ

ಐಪಿಎಲ್‌ನಲ್ಲಿ ಒಬ್ಬ ಡಿಜೆ ಸಾಕು. ಇಲ್ಲಿ ಯಾಕೆ ಮುನ್ನೂರು ಜನ ಊದಬೇಕು?

ಬ್ಯಾಂಡ್ ಇಲ್ಲಿ ಸ್ಪೀಕರ್‌ಗಿಂತ ಹಳೆಯದು. ನಾಟರ್ ಡೇಮ್ ವಿಶ್ವವಿದ್ಯಾಲಯದ ಬ್ಯಾಂಡ್ 1887ರಲ್ಲಿ, ಆ ಕಾಲೇಜಿನ ಮೊದಲ ಫುಟ್‌ಬಾಲ್ ಪಂದ್ಯದಲ್ಲೇ ನುಡಿಸಿತ್ತು. 1907ರಲ್ಲಿ ಪರ್ಡ್ಯೂ ಬ್ಯಾಂಡ್ ಮೈದಾನದಲ್ಲಿ 'ಪಿ' ಅಕ್ಷರದ ಆಕಾರದಲ್ಲಿ ನಿಂತಿತು. ತಂಡವನ್ನು ಹುರಿದುಂಬಿಸುವ ಕಾಲೇಜಿನ ಹೋರಾಟದ ಹಾಡುಗಳೂ ಆ ಕಾಲದವೇ. ಮಿಷಿಗನ್‌ನ 'ದಿ ವಿಕ್ಟರ್ಸ್' 1898ರದು. ಅವು ಹುಟ್ಟಿದ್ದೇ ಹಿತ್ತಾಳೆ ವಾದ್ಯಕ್ಕಾಗಿ, ಸಾವಿರಾರು ಜನ ಒಟ್ಟಿಗೆ ಕೂಗುವುದಕ್ಕಾಗಿ.

ಆದರೆ ಹಳೆಯದು ಅನ್ನುವ ಒಂದೇ ಕಾರಣಕ್ಕೆ ಯಾರೂ ಮುನ್ನೂರು ಜನರನ್ನು ಸಾಕುವುದಿಲ್ಲ. ಬ್ಯಾಂಡ್ ಆಟ ನೋಡುತ್ತಾ ನುಡಿಸುತ್ತದೆ. ಮೂರನೇ ಡೌನ್‌ನಲ್ಲಿ (ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಎದುರಾಳಿ ಸಿಕ್ಕಿಬಿದ್ದರೆ ಆ ಕ್ಷಣಕ್ಕೇ ತುತ್ತೂರಿ ಏಳುತ್ತದೆ, ಆಟಗಾರ ಗಾಯಗೊಂಡು ಬಿದ್ದರೆ ಅರ್ಧ ಸ್ವರಕ್ಕೇ ನಿಲ್ಲುತ್ತದೆ. ದೇವಸ್ಥಾನದಲ್ಲಿ ಕರೆಂಟಿನ ಜಾಗಟೆ ಯಂತ್ರಕ್ಕೂ ಮಂಗಳಾರತಿಯ ತಟ್ಟೆ ನೋಡಿಕೊಂಡು ನುಡಿಸುವ ಓಲಗದವರಿಗೂ ಇರುವ ವ್ಯತ್ಯಾಸವೇ ಇದು. ಯಂತ್ರ ಜೋರಾಗಿರಬಹುದು, ತಟ್ಟೆ ಎಲ್ಲಿದೆ ಎಂದು ಅದಕ್ಕೆ ಕಾಣುವುದಿಲ್ಲ.

ಬ್ಯಾಂಡ್ ಯಾವ್ಯಾವಾಗ ನುಡಿಸುತ್ತೆ? ಎಷ್ಟು ಹೊತ್ತಿಗೆ ಹೋದರೆ ಪೂರ್ತಿ ಸಿಗುತ್ತೆ?

ಕಿಕಾಫ್‌ಗೆ ಒಂದು ಗಂಟೆ ಮೊದಲು ಗೇಟಿನೊಳಗೆ ಇದ್ದರೆ ಹೆಚ್ಚುಕಮ್ಮಿ ಎಲ್ಲವೂ ಸಿಗುತ್ತದೆ. ಕ್ಯಾಂಪಸ್ಸಿನಿಂದ ಸ್ಟೇಡಿಯಮ್ಮಿಗೆ ಬ್ಯಾಂಡ್ ನಡೆದು ಬರುವುದನ್ನೂ ನೋಡಬೇಕೆಂದರೆ ಎರಡು ಗಂಟೆ ಮೊದಲೇ ಹೊರಗೆ ಕಾಯಿರಿ. ಬಹಳ ಕಾಲೇಜುಗಳಲ್ಲಿ ಇದಕ್ಕೆ ಟಿಕೆಟ್ ಬೇಡ. ಕಿಕಾಫ್‌ಗೆ ಅರ್ಧ ಗಂಟೆಯೊಳಗೆ ಮೈದಾನದಲ್ಲಿ ಪ್ರೀಗೇಮ್ ಪ್ರದರ್ಶನ: ಪ್ರವೇಶ, ಹೋರಾಟದ ಹಾಡು, ರಾಷ್ಟ್ರಗೀತೆ, ತಂಡ ಓಡಿ ಬರುವ ಸುರಂಗದ ಸಾಲು. ಪ್ರತಿ ಪಂದ್ಯಕ್ಕೂ ಬಹುತೇಕ ಅದೇ ಇರುತ್ತದೆ. ಹೊಸದಾಗಿ ಕಟ್ಟುವುದು ಹಾಫ್ ಟೈಮ್ ಪ್ರದರ್ಶನವನ್ನು.

ಆಟದ ನಡುವೆ ಸ್ಟ್ಯಾಂಡಿನಲ್ಲಿ ಕೂತು ನುಡಿಸುವ ತುಣುಕುಗಳು ಹತ್ತರಿಂದ ಮೂವತ್ತು ಸೆಕೆಂಡಿನವು. ಪಂದ್ಯ ಮುಗಿದ ಕೂಡಲೇ ಪಾರ್ಕಿಂಗ್‌ಗೆ ಓಡಬೇಡಿ. ವಿಸ್ಕಾನ್ಸಿನ್‌ನಲ್ಲಿ 'ಫಿಫ್ತ್ ಕ್ವಾರ್ಟರ್' ಎಂದು ಬ್ಯಾಂಡ್ ಮತ್ತೆ ಮೈದಾನಕ್ಕಿಳಿದು ಕುಣಿಯುತ್ತದೆ, ಸೋತ ದಿನವೂ.

ಎಲ್ಲಿ ಕೂತರೆ ಬ್ಯಾಂಡ್ ಚೆನ್ನಾಗಿ ಕೇಳ್ಸುತ್ತೆ?

ಬ್ಯಾಂಡಿನ ಹಿಂದೆ ಮಾತ್ರ ಬೇಡ. ಟ್ರಂಪೆಟ್, ಟ್ರೊಂಬೋನ್‌ಗಳ ತೀಕ್ಷ್ಣ ಸ್ವರಗಳು ವಾದ್ಯದ ಬಾಯಿ ಎತ್ತ ತಿರುಗಿದೆಯೋ ಅತ್ತಲೇ ಹೋಗುತ್ತವೆ. ಹಿಂದೆ ಕೂತವರಿಗೆ ಡ್ರಮ್ಮಿನ ಗುದ್ದು, ಮಂಕಾದ ಗೊಣಗು ಅಷ್ಟೇ. ಬ್ಯಾಂಡ್ ಮುಖ ಮಾಡಿದ ಬದಿಯಲ್ಲಿ, ತೀರಾ ದೂರವಲ್ಲದ ಜಾಗ ಒಳ್ಳೆಯದು.

ಹಾಫ್ ಟೈಮ್ ಲೆಕ್ಕ ಬೇರೆ. ಪ್ರದರ್ಶನ ಮುಖ ಮಾಡುವುದು ಸಾಮಾನ್ಯವಾಗಿ ಪ್ರೆಸ್ ಬಾಕ್ಸ್ ಇರುವ ಬದಿಗೆ. ಆ ಬದಿಯಲ್ಲಿ, ಐವತ್ತು ಗಜದ ಗೆರೆಯ ಆಸುಪಾಸಿನಲ್ಲಿ, ಇಪ್ಪತ್ತನೇ ಸಾಲಿನಿಂದ ಮೇಲೆ ಕೂತರೆ ಆಕಾರಗಳೂ ಕಾಣುತ್ತವೆ. ಕೆಳಗಿನ ಸಾಲುಗಳಲ್ಲಿ ಅಕ್ಷರ, ಚಿತ್ರ ಯಾವುದೂ ಕಾಣುವುದಿಲ್ಲ, ಕಾಲುಗಳಷ್ಟೇ. ದುಬಾರಿ ಟಿಕೆಟ್ ತೆಗೆದುಕೊಂಡು ಇದನ್ನು ಕಳೆದುಕೊಳ್ಳುವವರು ತುಂಬಾ ಜನ.

ಟಿವಿಯಲ್ಲಿ ಹಾಫ್ ಟೈಮ್ ಬ್ಯಾಂಡ್ ತೋರಿಸೋದೇ ಇಲ್ವಲ್ಲ?

ವಾಹಿನಿಗಳು ಆ ಹೊತ್ತನ್ನು ಸ್ಟುಡಿಯೊ ಚರ್ಚೆಗೆ, ಜಾಹೀರಾತಿಗೆ, ಬೇರೆ ಪಂದ್ಯಗಳ ತುಣುಕಿಗೆ ಇಟ್ಟುಕೊಳ್ಳುತ್ತವೆ. ಹಾಡಿನ ಪ್ರಸಾರದ ಹಕ್ಕಿನ ತೊಡಕೂ ಇದೆ. ಬಹಳ ಬ್ಯಾಂಡುಗಳು ತಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ ಮೇಲಿನಿಂದ ತೆಗೆದ ವಿಡಿಯೊ ಹಾಕುತ್ತವೆ. ನೋಡುವುದಕ್ಕೆ ಅದೇ ಮೇಲು.

ಚಿಕ್ಕ ಮಗು ಕರ್ಕೊಂಡು ಹೋಗಬಹುದಾ? ಕಿವಿಗೆ ಏನೂ ಆಗಲ್ವಾ?

ಕರೆದುಕೊಂಡು ಹೋಗಿ, ಆದರೆ ಕಿವಿಗೆ ಮಫ್ ಹಾಕಿ. ಹತ್ತಿ ಸಾಲದು. ಕೆಲಸದ ಸ್ಥಳದ ಶಬ್ದಕ್ಕೆ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಹೇಳುವ ಮಿತಿ 85 ಡೆಸಿಬೆಲ್‌ಗೆ ಎಂಟು ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಕಾಲು ಗಂಟೆ. ಡ್ರಮ್ ಸಾಲಿನ ಹತ್ತಿರ, ದೊಡ್ಡ ಸ್ಪೀಕರ್ ಕೆಳಗೆ, ಮೂರನೇ ಡೌನ್‌ನ ಕೂಗಾಟದಲ್ಲಿ ನೂರು ದಾಟುವುದು ಮಾಮೂಲು, ಮತ್ತು ಪಂದ್ಯ ಮೂರು ಗಂಟೆಗಿಂತ ಹೆಚ್ಚು. ದೊಡ್ಡವರಿಗೂ ಹತ್ತು ಹದಿನೈದು ಡೆಸಿಬೆಲ್ ಇಳಿಸುವ ಸಂಗೀತಗಾರರ ಇಯರ್‌ಪ್ಲಗ್ ಒಳ್ಳೆಯದು. ಹಾಡು ಕೆಡದೆ ಸದ್ದು ಮಾತ್ರ ತಗ್ಗುತ್ತದೆ.

## ನಿಯಮ ಮತ್ತು ಗಡಿಯಾರ

ಚೆಂಡು ಆಡೋ ಮುಂಚೆ ಬ್ಯಾಂಡ್ ದಿಢೀರ್ ಅಂತ ಯಾಕೆ ನಿಲ್ಲುತ್ತೆ?

ಎದುರಾಳಿ ತಂಡಕ್ಕೆ ತನ್ನ ಸಂಕೇತಗಳು ಕೇಳಿಸದಂತೆ ಸದ್ದು ಮಾಡುವುದು ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ನಿಯಮದ ಪ್ರಕಾರ ತಪ್ಪು. ಪ್ರೇಕ್ಷಕರು ಎಷ್ಟು ಬೇಕಾದರೂ ಕೂಗಬಹುದು. ಆದರೆ ಬ್ಯಾಂಡಿನವರು, ಮೈಕಿನಲ್ಲಿ ಘೋಷಿಸುವವರು, ಧ್ವನಿ ವ್ಯವಸ್ಥೆ ನಡೆಸುವವರು ನಿಯಮಕ್ಕೆ ಒಳಪಟ್ಟವರ ಪಟ್ಟಿಯಲ್ಲಿದ್ದಾರೆ. ಅವರು ಮಾಡಿದ ತಪ್ಪಿಗೆ ತಂಡವೇ ದಂಡ ತೆರಬೇಕು.

ಇದರ ಮೇಲೆ ಆಯಾ ಕಾನ್ಫರೆನ್ಸ್, ಅಂದರೆ ಕಾಲೇಜುಗಳ ಲೀಗ್, ತನ್ನದೇ ಕಟ್ಟಳೆ ಇಡುತ್ತದೆ. ದಕ್ಷಿಣದ ಎಸ್‌ಇಸಿ 2014ರಲ್ಲಿ ಸಡಿಲಿಸಿದ ನಿಯಮದಂತೆ, ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವ ಸೆಂಟರ್ ಆಟಗಾರ ಚೆಂಡಿನ ಮೇಲೆ ಬಾಗಿದ ಕ್ಷಣದಿಂದ ಆಟ ನಿಂತ ಶಿಳ್ಳೆಯವರೆಗೆ ಹಾಡು ಕೂಡದು. ಉಳಿದಂತೆ ಎಷ್ಟು ಬೇಕಾದರೂ ಹಾಕಬಹುದು. ಸ್ಪೀಕರ್ ಹಾಡು ಪ್ರತಿ ಆಟದ ನಡುವೆಯೂ ನುಗ್ಗಿದ್ದು ಈ ಸಡಿಲಿಕೆಯ ನಂತರವೇ ಜಾಸ್ತಿಯಾಯಿತು. ಗುಂಡಿ ಒತ್ತಿದರೆ ಹಾಡು ಬರುತ್ತದೆ, ಬ್ಯಾಂಡಿಗೆ ವಾದ್ಯ ಎತ್ತಲು, ಎಣಿಕೆ ಕೊಡಲು ಮೂರು ನಾಲ್ಕು ಸೆಕೆಂಡ್ ಬೇಕು. ಹಾಗಾಗಿ ಚಿಕ್ಕ ಕಿಂಡಿಗಳೆಲ್ಲ ಡಿಜೆ ಪಾಲಾದವು.

2024ರಿಂದ ಮೇಲ್ದರ್ಜೆಯ ತಂಡಗಳಲ್ಲಿ ಒಬ್ಬ ಆಟಗಾರನ ಹೆಲ್ಮೆಟ್ಟಿಗೆ ಕೋಚ್ ರೇಡಿಯೊದಲ್ಲಿ ಮಾತಾಡಬಹುದು. ಮುಂದಿನ ಆಟ ಶುರು ಮಾಡಲು ಉಳಿದ ಸಮಯ ತೋರಿಸುವ ಪ್ಲೇ ಕ್ಲಾಕ್ 15 ಸೆಕೆಂಡಿಗೆ ಇಳಿದಾಗ ಆ ಸಂಪರ್ಕ ಕಡಿದುಹೋಗುತ್ತದೆ. ಆಮೇಲಿನ ಮಾತೆಲ್ಲ ಬಾಯಿ, ಕೈಸನ್ನೆಯಲ್ಲೇ. ಆದ್ದರಿಂದ ಕೊನೆಯ ಆ ಸೆಕೆಂಡುಗಳ ಸದ್ದಿನ ಬಗ್ಗೆ ತಕರಾರು ಕಡಿಮೆಯಾಗಿಲ್ಲ.

ತವರು ತಂಡದ ಕೈಲಿ ಚೆಂಡು ಇದ್ದಾಗ ಬ್ಯಾಂಡ್ ಯಾಕೆ ಮೌನ?

ತನ್ನವರಿಗೇ ಕೇಳಿಸದಂತೆ ಮಾಡಿಕೊಳ್ಳುವುದು ಮೂರ್ಖತನ, ಅಷ್ಟೇ. ತವರು ತಂಡ ಹತ್ತು ಗಜ ದಾಟಿ ಮತ್ತೆ ಫಸ್ಟ್ ಡೌನ್ ಪಡೆದಾಗ ಐದು ಸೆಕೆಂಡಿನ ಒಂದು ತುಣುಕು, ಅಂಕ ಬಂದಾಗ ಹೋರಾಟದ ಹಾಡು. ಬ್ಯಾಂಡಿನ ನಿಜವಾದ ಕೆಲಸ ಎದುರಾಳಿಯ ಮೂರನೇ ಡೌನ್‌ನಲ್ಲಿ.

ಬ್ಯಾಂಡ್ ಮೈದಾನಕ್ಕೆ ನುಗ್ಗಿ ಪಂದ್ಯವೇ ತಿರುಗಿಬಿತ್ತು ಅಂತಾರಲ್ಲ, ಅದು ನಿಜವಾ?

ಅರ್ಧ ನಿಜ. 1982ರ ನವೆಂಬರ್ 20, ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾ ಮತ್ತು ಸ್ಟ್ಯಾನ್‌ಫರ್ಡ್ ಪಂದ್ಯ. ಸ್ಟ್ಯಾನ್‌ಫರ್ಡ್ ಒಂದು ಅಂಕ ಮುಂದಿತ್ತು, ಗಡಿಯಾರದಲ್ಲಿ ನಾಲ್ಕು ಸೆಕೆಂಡ್ ಬಾಕಿ. ಕಿಕಾಫ್ ಹಿಡಿದ ಕ್ಯಾಲ್ ಆಟಗಾರರು ಚೆಂಡನ್ನು ಐದು ಸಲ ಹಿಂದಕ್ಕೆ ಕೈಯಿಂದ ಕೈಗೆ ದಾಟಿಸಿದರು. ಪಂದ್ಯ ಮುಗಿಯಿತೆಂದುಕೊಂಡ ಸ್ಟ್ಯಾನ್‌ಫರ್ಡ್ ಬ್ಯಾಂಡ್ ಎಂಡ್‌ಜೋನ್ (ಅಂಕ ಗಳಿಸುವ ಕೊನೆಯ ಪಟ್ಟಿ) ಕಡೆಯಿಂದ ಒಳಗೆ ಬಂದಿತ್ತು. ಕೆವಿನ್ ಮೋಯೆನ್ ವಾದ್ಯಗಾರರ ನಡುವೆಯೇ ಓಡಿ ಅಂಕ ಗಳಿಸಿ, ಟ್ರೊಂಬೋನ್ ಹಿಡಿದಿದ್ದ ಗ್ಯಾರಿ ಟೈರೆಲ್‌ಗೆ ಡಿಕ್ಕಿ ಹೊಡೆದ. ಕ್ಯಾಲ್ 25–20ರಿಂದ ಗೆದ್ದಿತು. ಗೆಲ್ಲಿಸಿದ್ದು ಆ ಐದು ಕೈಬದಲು. ಬ್ಯಾಂಡ್ ಮಾಡಿದ್ದು ತನ್ನದೇ ತಂಡದ ದಾರಿಗೆ ಅಡ್ಡ ಬಂದಿದ್ದು. ಈಗ ರೆಫರಿ ಮುಗಿಯಿತೆಂದು ಸೂಚಿಸುವ ತನಕ ಬ್ಯಾಂಡ್ ಗೆರೆ ದಾಟಬಾರದೆಂಬುದನ್ನು ಹೊಸಬರಿಗೆ ಮೊದಲ ವಾರವೇ ಹೇಳಿಕೊಡುತ್ತಾರೆ.

ಹಾಫ್ ಟೈಮ್‌ನಲ್ಲಿ ಬ್ಯಾಂಡಿಗೆ ಎಷ್ಟು ನಿಮಿಷ ಸಿಗುತ್ತೆ?

ಕಾಲೇಜು ಹಾಫ್ ಟೈಮ್ 20 ನಿಮಿಷ. ತಂಡಗಳು ಹೊರಗೆ ಹೋಗಲು, ಮತ್ತೆ ಬಂದು ಮೈ ಬಿಸಿ ಮಾಡಿಕೊಳ್ಳಲು ಬಿಟ್ಟು ಉಳಿಯುವುದು ಹನ್ನೆರಡು ಹದಿಮೂರು ನಿಮಿಷ. ಅತಿಥಿ ಬ್ಯಾಂಡ್ ಬಂದಿದ್ದರೆ ಇಬ್ಬರೂ ಹಂಚಿಕೊಳ್ಳಬೇಕು. ಹಾಗಾಗಿ ಪ್ರದರ್ಶನವನ್ನು ಏಳೆಂಟು ನಿಮಿಷಕ್ಕೆ ಕಟ್ಟುತ್ತಾರೆ, ಒಳಬರುವ ಹೊರಹೋಗುವ ನಡಿಗೆಯೂ ಸೇರಿ. ಸನ್ಮಾನ, ಚೆಕ್ ವಿತರಣೆ, ಹಳೆಯ ವಿದ್ಯಾರ್ಥಿಗಳ ಭಾಷಣ ಎಳೆದರೆ ಕತ್ತರಿ ಬೀಳುವುದು ಬ್ಯಾಂಡಿಗೆ. ದ್ವಿತೀಯಾರ್ಧ ಸರಿಯಾದ ಹೊತ್ತಿಗೆ ಶುರುವಾಗುವಂತೆ ಮೈದಾನ ಖಾಲಿ ಮಾಡಿಸುವುದು ಆತಿಥೇಯರ ಹೊಣೆ, ತಪ್ಪಿದರೆ ದಂಡ. ಹಳೆಯ ವಿದ್ಯಾರ್ಥಿಗಳು ಮರಳಿ ಬರುವ ಹೋಮ್‌ಕಮಿಂಗ್‌ನಂಥ ದಿನ ಎರಡೂ ತಂಡ ಮೊದಲೇ ಒಪ್ಪಿದರೆ ವಿರಾಮ ಹಿಗ್ಗಿಸಬಹುದು.

## ಧ್ವನಿ: ಏನು ಕೆಡುತ್ತದೆ, ಯಾಕೆ

ನಿಜ ಹೇಳಿ, ಜೋರು ಯಾವುದು? ಬ್ಯಾಂಡಾ ಸ್ಪೀಕರಾ?

ಸ್ಪೀಕರ್. ಇದರಲ್ಲಿ ಅನುಮಾನವೇ ಬೇಡ. ಬಯಲಿನಲ್ಲಿ ದೂರ ಎರಡರಷ್ಟಾದಂತೆ ಸದ್ದು ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಲಕ್ಷ ಜನ ಕೂರುವ ಸ್ಟೇಡಿಯಂನ ಒಂದು ಮೂಲೆಯಲ್ಲಿ ಕೂತ ಬ್ಯಾಂಡ್ ಆಚೆ ಮೂಲೆ ತಲುಪುವ ಹೊತ್ತಿಗೆ ತೆಳುವಾಗಿರುತ್ತದೆ. ಬೇಸ್‌ನಲ್ಲಂತೂ ಪೈಪೋಟಿಯೇ ಇಲ್ಲ. ಹತ್ತಿಪ್ಪತ್ತು ಸೂಸಫೋನ್ (ಮೈಗೆ ಸುತ್ತಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ) ಒಟ್ಟಿಗೆ ಊದಿದರೂ ಗಟ್ಟಿಯಾಗಿ ಬರುವುದು 60 ಹರ್ಟ್ಸ್‌ನಿಂದ ಮೇಲಿನದು. ಹಿಪ್ ಹಾಪ್ ಹಾಡಿನ ಎದೆಗೆ ಗುದ್ದುವ ಸದ್ದು 40–50 ಹರ್ಟ್ಸ್‌ನದು, ಸಬ್‌ವೂಫರ್‌ಗೆ ಸಲೀಸು. ಬ್ಯಾಂಡ್ ಪರ ವಾದಿಸುವವರು ಜೋರಿನ ವಿಷಯಕ್ಕೆ ಹೋದರೆ ಸೋಲುತ್ತಾರೆ. ಸಮಯಪ್ರಜ್ಞೆಯ ವಿಷಯಕ್ಕೆ ಬರಬೇಕು.

ಬ್ಯಾಂಡಿಗೂ ಮೈಕ್ ಇಟ್ಟು ಸ್ಪೀಕರಿನಲ್ಲಿ ಹಾಕಿದರೆ ಆಯ್ತಲ್ಲ?

ಬಹಳ ಕಡೆ ಹಾಕುತ್ತಾರೆ, ಹೆಚ್ಚಿನ ಕಡೆ ಕೆಡಿಸುತ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಎದುರು ತುದಿಯ ಪರದೆಯ ಕೆಳಗೆ ಸ್ಪೀಕರ್ ಇದ್ದು, ಬ್ಯಾಂಡ್ 170 ಮೀಟರ್ ದೂರ ಕೂತಿದ್ದರೆ ತಮ್ಮದೇ ಸ್ವರ ಅವರಿಗೆ ಅರ್ಧ ಸೆಕೆಂಡ್ ತಡವಾಗಿ ವಾಪಸ್ ಬರುತ್ತದೆ. ಕಿವಿ ಅದನ್ನು ಹಿಂಬಾಲಿಸಿದರೆ ತಾಳ ಎಳೆಯುತ್ತಾ ಹೋಗುತ್ತದೆ.

ಸರಿಯಾಗಿ ಮಾಡುವ ಕ್ರಮ ಹೀಗಿದೆ. ಬ್ಯಾಂಡ್ ಕೂತ ಭಾಗಕ್ಕೆ ಸದ್ದು ಬೀಳುವ ಸ್ಪೀಕರ್‌ಗಳನ್ನು ಬ್ಯಾಂಡ್ ನುಡಿಸುವಾಗ ಮುಚ್ಚಬೇಕು. ಸ್ಪೀಕರ್‌ಗಳು ಸ್ಟೇಡಿಯಂ ಸುತ್ತ ಹಂಚಿಹೋಗಿದ್ದರೆ ಪ್ರತಿ ಗುಂಪಿಗೂ ಬ್ಯಾಂಡಿನಿಂದ ಇರುವ ದೂರಕ್ಕೆ ತಕ್ಕಷ್ಟು ವಿಳಂಬ ಕೊಡಬೇಕು, ಪ್ರತಿ 34 ಮೀಟರಿಗೆ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಮೈಕನ್ನು ಮುಂದಿನ ಸಾಲಿನ ಒಬ್ಬನ ಮುಖದ ಹತ್ತಿರ ಇಡಬಾರದು. ಆಗ ಇಡೀ ಬ್ಯಾಂಡ್ ಒಂದೇ ಕ್ಲಾರಿನೆಟ್ ಆಗಿಬಿಡುತ್ತದೆ. ಎತ್ತರದಲ್ಲಿ, ಬ್ಯಾಂಡಿನ ಎಡಕ್ಕೊಂದು ಬಲಕ್ಕೊಂದು, ಸೂಸಫೋನ್ ಸಾಲಿಗೆ ಪ್ರತ್ಯೇಕವಾಗಿ ಒಂದು. ಡ್ರಮ್ಮಿಗೆ ಬೇಡವೇ ಬೇಡ, ಅದು ಎಲ್ಲ ಮೈಕಿಗೂ ತಾನಾಗಿ ನುಗ್ಗುತ್ತದೆ. ಬ್ಯಾಂಡ್ ನಿಲ್ಲಿಸಿದ ಕೂಡಲೇ ಮೈಕ್ ಮುಚ್ಚದಿದ್ದರೆ ಹುಡುಗರ ಹರಟೆ ಲಕ್ಷ ಜನರಿಗೆ ಪ್ರಸಾರವಾಗುತ್ತದೆ, ಅದರಲ್ಲಿ ಬೈಗುಳವೂ ಇರುತ್ತದೆ.

ಮೈದಾನದ ತುಂಬ ಹರಡಿಕೊಂಡು ನಡೀತಾ ನುಡಿಸಿದರೂ ತಾಳ ಹೇಗೆ ತಪ್ಪಲ್ಲ?

ಕಿವಿಯನ್ನು ನಂಬದೆ ಕಣ್ಣನ್ನು ನಂಬುವುದರಿಂದ. ಮೈದಾನದ ಅಗಲ 48.8 ಮೀಟರ್, ಅದನ್ನು ದಾಟಲು ಶಬ್ದಕ್ಕೆ 0.14 ಸೆಕೆಂಡ್ ಬೇಕು. ನಿಮಿಷಕ್ಕೆ 144 ತಾಳದ ಹಾಡಿನಲ್ಲಿ ಒಂದು ತಾಳ 0.42 ಸೆಕೆಂಡ್. ಅಂದರೆ ಆಚೆ ಬದಿಯವನ ಸ್ವರ ಮೂರನೇ ಒಂದು ತಾಳದಷ್ಟು ತಡ. ಕೇಳಿಸಿದ್ದಕ್ಕೆ ಹೊಂದಿಕೊಂಡು ನುಡಿಸಿದರೆ ಪ್ರೇಕ್ಷಕರಿಗೆ ಇನ್ನೂ ತಡವಾಗಿ ತಲುಪುತ್ತದೆ.

ಪರಿಹಾರ: ಡ್ರಮ್ ಸಾಲನ್ನು ಸಾಧ್ಯವಾದಷ್ಟು ನಡುವೆ, ಹಿಂದೆ ಇಡುತ್ತಾರೆ. ಡ್ರಮ್ ನಾಯಕ, ಏಣಿಯ ಮೇಲೆ ನಿಂತು ಇಡೀ ಬ್ಯಾಂಡಿಗೆ ತಾಳ ತೋರಿಸುವ ಡ್ರಮ್ ಮೇಜರ್‌ನ ಕೈ ನೋಡುತ್ತಾನೆ. ಮುಂದಿದ್ದವರೆಲ್ಲ ಹಿಂದಿನಿಂದ ಬರುವ ಸದ್ದಿನ ಜೊತೆ ಸೇರಿಕೊಳ್ಳುತ್ತಾರೆ. ಆಗ ಎರಡೂ ಒಟ್ಟಿಗೆ ಸ್ಟ್ಯಾಂಡಿನತ್ತ ಹೋಗುತ್ತವೆ. ಡ್ರಮ್ಮಿಗಿಂತ ಹಿಂದೆ ಸಿಕ್ಕಿಕೊಂಡವರು ಮಾತ್ರ ಕೇಳಿಸುವುದಕ್ಕಿಂತ ಕೂದಲೆಳೆ ಮುಂಚೆ, ಕೈ ನೋಡಿಯೇ ನುಡಿಸಬೇಕು. ಹೊಸಬರು ಎಡವುವುದು ಇಲ್ಲೇ.

ಹೆಜ್ಜೆಗೂ ಅಳತೆ ಇದೆ: ಐದು ಗಜಕ್ಕೆ ಎಂಟು ಹೆಜ್ಜೆ, ಒಂದೊಂದು 22.5 ಇಂಚು. ಪ್ರತಿಯೊಬ್ಬರಿಗೂ ತಮ್ಮ ಜಾಗದ ಚೀಟಿ ಇರುತ್ತದೆ: '40ರ ಗೆರೆಯಿಂದ ಹೊರಗೆ ಎರಡು ಹೆಜ್ಜೆ, ಹ್ಯಾಶ್ ಗುರುತಿನ ಮುಂದೆ ಆರು' ಎನ್ನುವ ಥರ. ಓಹಾಯೊ ಸ್ಟೇಟ್ ಬ್ಯಾಂಡ್ 1936ರಿಂದ ಕೂಡುಬರಹದಲ್ಲಿ ಬರೆಯುತ್ತಿರುವ 'ಓಹಾಯೊ' ಮಾತ್ರ ಬೇರೆ ಬಗೆ. ಅಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ಅಕ್ಷರದ ದಾರಿ ಹಿಡಿಯುತ್ತಾರೆ, ಕೊನೆಗೆ ಸೂಸಫೋನ್ ವಾದಕ ಬಂದು 'ಐ' ಮೇಲಿನ ಚುಕ್ಕೆಯಾಗಿ ನಿಂತು ಬಾಗಿ ನಮಸ್ಕರಿಸುತ್ತಾನೆ.

ನವೆಂಬರ್ ಚಳಿಯಲ್ಲಿ ಬ್ಯಾಂಡ್ ಅಪಸ್ವರ ಅನ್ನಿಸುತ್ತೆ. ನನ್ನ ಕಿವಿ ದೋಷನಾ?

ಅಲ್ಲ. ಗಾಳಿ ತಣ್ಣಗಾದರೆ ಶಬ್ದದ ವೇಗ ಇಳಿದು ಊದುವ ವಾದ್ಯಗಳ ಶ್ರುತಿ ಇಳಿಯುತ್ತದೆ, ಲೆಕ್ಕಕ್ಕೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್. ನೂರು ಸೆಂಟ್ ಎಂದರೆ ಒಂದು ಸ್ವರಸ್ಥಾನ. ಊದುವವರ ಉಸಿರಿನ ಬಿಸಿ ಒಳಗಿರುವುದರಿಂದ ನಿಜವಾಗಿ ಅಷ್ಟು ಇಳಿಯುವುದಿಲ್ಲ. ಆದರೆ ಸೂಸಫೋನಿನ ಉದ್ದ ಕೊಳವೆಯನ್ನು ಬೆಚ್ಚಗಿಡಲು ಉಸಿರು ಸಾಲದು, ಟ್ರಂಪೆಟ್‌ಗೆ ಸಾಕಾಗುತ್ತದೆ. ಎಲ್ಲರೂ ಒಂದೇ ಸಮ ಇಳಿಯದಿರುವುದೇ ಅಪಸ್ವರದ ಮೂಲ. ಲೋಹದ ಪಟ್ಟಿಯ ಗ್ಲಾಕೆನ್‌ಸ್ಪೀಲ್ ಶ್ರುತಿ ಚಳಿಗೆ ಇಳಿಯುವುದಿಲ್ಲ, ಕೂದಲಷ್ಟು ಏರುತ್ತದೆ.

ಅದಕ್ಕೇ ಸುಮ್ಮನೆ ಕೂತಿದ್ದಾಗಲೂ ವಾದ್ಯದೊಳಗೆ ಬೆಚ್ಚನೆ ಉಸಿರು ಬಿಡುತ್ತಲೇ ಇರುತ್ತಾರೆ, ಮೌತ್‌ಪೀಸ್ ಜೇಬಿನಲ್ಲಿಟ್ಟು ಬಿಸಿ ಕಾಯುತ್ತಾರೆ. ಕವಾಟಗಳು ಹೆಪ್ಪುಗಟ್ಟದಂತೆ ತೆಳು ಎಣ್ಣೆ. ಮರದ ಕ್ಲಾರಿನೆಟ್ ಚಳಿಗೆ ಬಿರುಕು ಬಿಡುತ್ತದೆ, ಆದ್ದರಿಂದ ಮೈದಾನಕ್ಕೆ ಪ್ಲಾಸ್ಟಿಕ್ಕಿನದು.

ಮಳೆ ಬಂದರೆ?

ಹಿತ್ತಾಳೆಗೆ ಏನೂ ಆಗುವುದಿಲ್ಲ. ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳ ಪ್ಯಾಡ್ ನೆನೆದು ಉಬ್ಬಿದರೆ ರಂಧ್ರ ಸರಿಯಾಗಿ ಮುಚ್ಚುವುದಿಲ್ಲ, ರಿಪೇರಿ ಖರ್ಚು ಹೆಚ್ಚು. ಅವನ್ನು ಮೊದಲು ಒಳಗೆ ಕಳಿಸುತ್ತಾರೆ. ಓಹಾಯೊ ಸ್ಟೇಟ್ ಬ್ಯಾಂಡಿನಲ್ಲಿ 1934ರಿಂದ ಹಿತ್ತಾಳೆ ಮತ್ತು ತಾಳವಾದ್ಯ ಮಾತ್ರ, ಹಾಗಾಗಿ ಈ ತಾಪತ್ರಯವಿಲ್ಲ. ಸಿಡಿಲು ಬಂದರೆ ಎಲ್ಲರೂ ಹೊರಗೆ. ಕೊನೆಯ ಸಿಡಿಲಿನಿಂದ 30 ನಿಮಿಷ ಕಾಯಬೇಕು, ಮತ್ತೆ ಸಿಡಿದರೆ ಎಣಿಕೆ ಮೊದಲಿನಿಂದ. ಇಂಥ ಹೊತ್ತಿಗೆ ಸ್ಪೀಕರ್ ಹಾಡೇ ಗತಿ.

## ಸೇರುವವರಿಗೆ

ಮಗಳು ಇಂಜಿನಿಯರಿಂಗ್ ಓದೋಕೆ ಹೋಗಿದ್ದಾಳೆ, ಬ್ಯಾಂಡ್ ಸೇರ್ತೀನಿ ಅಂತಾಳೆ. ಓದು ಹಾಳಾಗಲ್ವಾ?

ಬ್ಯಾಂಡಿನಲ್ಲಿ ಸಂಗೀತ ಓದುವವರಿಗಿಂತ ಬೇರೆ ವಿಷಯದವರೇ ಹೆಚ್ಚಿರುವ ಕಾಲೇಜುಗಳು ಬಹಳ. ಪರ್ಡ್ಯೂನಲ್ಲಂತೂ ಸಂಗೀತದ ಪದವಿಯೇ ಇಲ್ಲದೆ ದೊಡ್ಡ ಬ್ಯಾಂಡ್ ಬೆಳೆಯಿತು. ಸಾಮಾನ್ಯವಾಗಿ ಇದು ಒಂದೆರಡು ಕ್ರೆಡಿಟ್‌ನ ಕೋರ್ಸ್. ಸಮಯದ ಲೆಕ್ಕ ಕೇಳಿ ತಿಳಿದುಕೊಳ್ಳಿ: ತರಗತಿ ಶುರುವಾಗುವ ಮುಂಚೆ ಆಗಸ್ಟ್‌ನಲ್ಲಿ ಒಂದು ವಾರದ ಶಿಬಿರ, ಬೆಳಿಗ್ಗೆಯಿಂದ ರಾತ್ರಿ, ಸೀಸನ್ನಿನಲ್ಲಿ ವಾರಕ್ಕೆ ನಾಲ್ಕೈದು ದಿನ ಒಂದೂವರೆ ಎರಡು ಗಂಟೆ, ತವರು ಪಂದ್ಯದ ಶನಿವಾರ ಪೂರ್ತಿ ಹೋಗುತ್ತದೆ. ನವೆಂಬರ್ ಕೊನೆಗೆ ಬಹುತೇಕ ಮುಗಿಯುತ್ತದೆ. ಸಂಜೆಯ ಪ್ರಯೋಗಾಲಯ ತರಗತಿಯ ಜೊತೆ ಡಿಕ್ಕಿಯಾಗದಂತೆ ನೋಡಿಕೊಂಡರೆ ತೊಂದರೆಯಿಲ್ಲ.

ಒಂದನ್ನು ಮಾತ್ರ ನೇರವಾಗಿ ವಿಚಾರಿಸಿ: ರ‍್ಯಾಗಿಂಗ್ ತಡೆಗೆ ಏನು ವ್ಯವಸ್ಥೆಯಿದೆ ಎಂದು. 2011ರಲ್ಲಿ ಫ್ಲಾರಿಡಾ ಎ ಅಂಡ್ ಎಂ ಬ್ಯಾಂಡಿನ ಬಸ್ಸಿನಲ್ಲಿ ಒಬ್ಬ ಡ್ರಮ್ ಮೇಜರ್ ಹೊಡೆತಕ್ಕೆ ಸತ್ತ. ಬ್ಯಾಂಡನ್ನು ಅಮಾನತು ಮಾಡಿ 2013ರಲ್ಲಿ ಮತ್ತೆ ಶುರು ಮಾಡಿದರು.

ಸೂಸಫೋನ್ ಎತ್ತೋಕಾಗುತ್ತಾ? ಯಾವ ವಾದ್ಯಕ್ಕೆ ಜಾಗ ಸುಲಭವಾಗಿ ಸಿಗುತ್ತೆ?

ಹಿತ್ತಾಳೆ ಸೂಸಫೋನ್ ಸುಮಾರು 13ರಿಂದ 16 ಕಿಲೋ, ಎಡ ಹೆಗಲ ಮೇಲೆ. ಫೈಬರ್‌ಗ್ಲಾಸಿನದು ಹಗುರ, ನಾದ ತೆಳು. ಸೂಸಫೋನ್, ಮೆಲ್ಲೊಫೋನ್‌ಗೆ (ನಡೆಯುತ್ತಾ ಊದುವ ಹಾರ್ನ್) ಜನ ಯಾವಾಗಲೂ ಕಡಿಮೆ, ವಾದ್ಯವನ್ನು ಕಾಲೇಜೇ ಕೊಡುತ್ತದೆ. ಡ್ರಮ್ ಸಾಲಿಗೆ ಪೈಪೋಟಿ ವಿಪರೀತ. ಮೃದಂಗ, ತಬಲಾ ಕಲಿತವರಿಗೆ ಲೆಕ್ಕಾಚಾರ ಸುಲಭ, ಆದರೆ ಕೋಲಿನ ಹಿಡಿತ ಬೇರೆಯೇ ಅಭ್ಯಾಸ. ಆರು ತಿಂಗಳು ರಬ್ಬರ್ ಪ್ಯಾಡಿನ ಮೇಲೆ ಸಾಧನೆ ಮಾಡದೆ ಆಯ್ಕೆಗೆ ಹೋಗಬೇಡಿ.

ಕಪ್ಪು ಜನರ ಐತಿಹಾಸಿಕ ಕಾಲೇಜುಗಳ ಬ್ಯಾಂಡ್ ಬೇರೆ ಥರ ಅಂತಾರೆ. ಏನು ವ್ಯತ್ಯಾಸ?

ಅಲ್ಲಿ ಜನ ಹಾಫ್ ಟೈಮ್‌ನಲ್ಲಿ ತಿಂಡಿಗೆ ಏಳುವುದಿಲ್ಲ, ಅದು ಮುಗಿದ ಮೇಲೆ ಏಳುತ್ತಾರೆ. ಮಂಡಿ ಸೊಂಟದೆತ್ತರಕ್ಕೆ ಎತ್ತುವ ಹೆಜ್ಜೆ, ನೃತ್ಯ, ಅಂದಿನ ರೇಡಿಯೊ ಹಾಡುಗಳನ್ನು ವಾರದೊಳಗೆ ಬ್ಯಾಂಡಿಗೆ ಬರೆದುಬಿಡುವ ಚುರುಕು. ಸದರ್ನ್ ವಿಶ್ವವಿದ್ಯಾಲಯದ ಬ್ಯಾಂಡಿಗೆ 'ಹ್ಯೂಮನ್ ಜ್ಯೂಕ್‌ಬಾಕ್ಸ್' ಎಂದೇ ಹೆಸರು. ಫ್ಲಾರಿಡಾ ಎ ಅಂಡ್ ಎಂನಲ್ಲಿ 1946ರಿಂದ ವಿಲಿಯಂ ಪಿ. ಫಾಸ್ಟರ್ ಕಟ್ಟಿದ 'ಮಾರ್ಚಿಂಗ್ 100' 1989ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಕ್ರಾಂತಿಯ ಇನ್ನೂರನೇ ವರ್ಷದ ಮೆರವಣಿಗೆಯಲ್ಲಿ ನಡೆಯಿತು. ಗ್ರ್ಯಾಂಬ್ಲಿಂಗ್ ಬ್ಯಾಂಡ್ 1967ರ ಮೊದಲ ಸೂಪರ್ ಬೌಲ್‌ನಲ್ಲಿ ನುಡಿಸಿತ್ತು. ಪಂದ್ಯದ ಮೊದಲೂ ನಂತರವೂ ಎರಡು ಬ್ಯಾಂಡುಗಳು ಸ್ಟ್ಯಾಂಡಿನಲ್ಲೇ ಎದುರುಬದುರು ಸವಾಲ್-ಜವಾಬ್ ನಡೆಸುತ್ತವೆ. 'ಹೊಸ ಹಾಡಿಗೆ ಸ್ಪೀಕರೇ ಬೇಕು' ಎನ್ನುವ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಇಲ್ಲ.

## ದುಡ್ಡು, ಹಕ್ಕು

ಬೇರೆ ಊರಿನ ಪಂದ್ಯಕ್ಕೆ ಬ್ಯಾಂಡ್ ಯಾಕೆ ಪೂರ್ತಿ ಬರಲ್ಲ?

ಮುನ್ನೂರು ಜನಕ್ಕೆ ಐವತ್ತು ಸೀಟಿನ ಆರು ಬಸ್ಸು, ವಾದ್ಯಕ್ಕೆ ಒಂದು ಲಾರಿ, ಎರಡು ಹೊತ್ತಿನ ಊಟ, ದೂರವಾದರೆ ನೂರಕ್ಕೂ ಹೆಚ್ಚು ಕೋಣೆ. ಜೊತೆಗೆ ಮಾರಬಹುದಾದ ಮುನ್ನೂರು ಸೀಟು ಬಿಟ್ಟುಕೊಡಬೇಕು. ಅದಕ್ಕೆ ಚಿಕ್ಕ ಪೆಪ್ ಬ್ಯಾಂಡ್ ಕಳಿಸುತ್ತಾರೆ.

ಸ್ಟೇಡಿಯಂನಲ್ಲಿ ಹಾಡು ಹಾಕೋಕೂ ಬ್ಯಾಂಡ್ ನುಡಿಸೋಕೂ ಒಂದೇ ಲೈಸೆನ್ಸಾ?

ಸಾರ್ವಜನಿಕವಾಗಿ ಕೇಳಿಸುವುದಕ್ಕೆ ಒಂದೇ. ಆಸ್ಕ್ಯಾಪ್, ಬಿಎಂಐ, ಸೆಸ್ಯಾಕ್, ಜಿಎಂಆರ್ ಸಂಸ್ಥೆಗಳಿಂದ ವಿಶ್ವವಿದ್ಯಾಲಯ ಒಟ್ಟಾರೆ ಪರವಾನಗಿ ಪಡೆಯುತ್ತದೆ. ಹಣ ಹಾಡು ಬರೆದವರಿಗೆ, ಪ್ರಕಾಶಕರಿಗೆ ಹೋಗುತ್ತದೆ. ಅಮೆರಿಕದ ಕಾನೂನಿನಲ್ಲಿ ಧ್ವನಿಮುದ್ರಿಕೆಯನ್ನು ಮೈದಾನದಲ್ಲಿ ಹಾಕಿದ್ದಕ್ಕೆ ಹಾಡಿದವರಿಗೆ ಸಂಭಾವನೆ ಇಲ್ಲ. ಭಾರತದಲ್ಲಿ ಹಾಗಲ್ಲ, ಕೃತಿಗೆ ಐಪಿಆರ್‌ಎಸ್, ಮುದ್ರಿಕೆಗೆ ಪಿಪಿಎಲ್ ಎಂದು ಎರಡು ಕಡೆ ನೋಡಬೇಕು.

ಬ್ಯಾಂಡಿಗೆ ಇನ್ನೊಂದು ಮೆಟ್ಟಿಲಿದೆ. ಹಾಡನ್ನು ತನ್ನ ವಾದ್ಯಗಳಿಗೆ ಹೊಸದಾಗಿ ಬರೆದುಕೊಳ್ಳಲು ಪ್ರಕಾಶಕರ ಪ್ರತ್ಯೇಕ ಒಪ್ಪಿಗೆ ಬೇಕು, ಶುಲ್ಕ ಕಟ್ಟಬೇಕು, ವಾರಗಟ್ಟಲೆ ಕಾಯಬೇಕು. ಮುದ್ರಿತ ಸ್ವರಲಿಪಿ ಕೊಂಡರೆ ಈ ಗೋಜಿಲ್ಲ. ಪ್ರಕಟವಾಗಿ 95 ವರ್ಷ ದಾಟಿದ ಹಾಡು ಅಮೆರಿಕದಲ್ಲಿ ಎಲ್ಲರ ಸೊತ್ತು. ಹಳೆಯ ಹೋರಾಟದ ಹಾಡುಗಳಿಗೆ ಅದಕ್ಕೇ ತಕರಾರಿಲ್ಲ.

ನಾನು ತೆಗೆದ ಹಾಫ್ ಟೈಮ್ ವಿಡಿಯೊ ಯೂಟ್ಯೂಬ್‌ನಲ್ಲಿ ಮ್ಯೂಟ್ ಆಯ್ತು. ಬ್ಯಾಂಡ್ ನುಡಿಸಿದ್ದಲ್ವಾ?

ನುಡಿಸಿದವರು ಯಾರಾದರೂ ರಾಗ ಬೇರೆಯವರದು. ಚಿತ್ರದ ಜೊತೆ ಸಂಗೀತ ಸೇರಿಸುವ ಹಕ್ಕು ಬೇರೆ, ಅದು ಸ್ಟೇಡಿಯಂ ಪರವಾನಗಿಯಲ್ಲಿ ಬರುವುದಿಲ್ಲ.

## ಜಗಳದ ಪ್ರಶ್ನೆಗಳು

ಯಾವಾಗ ಬ್ಯಾಂಡ್, ಯಾವಾಗ ಸ್ಪೀಕರ್ ಅಂತ ತೀರ್ಮಾನ ಮಾಡೋದು ಯಾರು?

ಹೆಚ್ಚಿನ ಕಡೆ ಕ್ರೀಡಾ ವಿಭಾಗದ ಮಾರ್ಕೆಟಿಂಗ್ ತಂಡ. ಬ್ಯಾಂಡ್ ಇರುವುದು ಸಂಗೀತ ವಿಭಾಗದ ಕೈಕೆಳಗೆ. ಜಗಳದ ಬೇರು ಇಲ್ಲಿದೆ. ಟಿವಿ ವಿರಾಮ ಎರಡರಿಂದ ಮೂರೂವರೆ ನಿಮಿಷ. ಗೆರೆಯ ಬಳಿ ನಿಂತ ಟಿವಿ ಕಡೆಯ ಕೆಂಪು ಟೋಪಿಯವರು ಸನ್ನೆ ಮಾಡಿದರೆ ವಿರಾಮ ಎಂದು ಅರ್ಥ. ಆ ವಿರಾಮಗಳಿಗೆ ಪ್ರಾಯೋಜಕರ ಜಾಹೀರಾತು ಮೊದಲೇ ಮಾರಾಟವಾಗಿರುತ್ತದೆ. ಮಿಕ್ಕ ಮೂವತ್ತು ಸೆಕೆಂಡಿಗೆ ಬ್ಯಾಂಡೂ ಡಿಜೆಯೂ ಒಟ್ಟಿಗೆ ಕೈ ಹಾಕುತ್ತಾರೆ. ಎರಡು ಹಾಡು ಒಂದರ ಮೇಲೊಂದು ಬಿದ್ದ ಗದ್ದಲ ಕೇಳಿದ್ದೀರಾದರೆ ಕಾರಣ ಇದೇ.

ಇದನ್ನು ತಡೆಯಲು ಬೇಕಾದದ್ದು ಎರಡು: ಪ್ರತಿ ವಿರಾಮಕ್ಕೂ ಸೆಕೆಂಡ್ ಲೆಕ್ಕದಲ್ಲಿ ಹೆಸರು ಬರೆದ ಒಂದು ಹಾಳೆ, ಬ್ಯಾಂಡ್ ನಿರ್ದೇಶಕರ ಕಿವಿಗೆ ಧ್ವನಿ ಕೋಣೆಯ ಜೊತೆ ನೇರ ಹೆಡ್‌ಸೆಟ್. ವಾಕಿಟಾಕಿ ಸಾಲದು, ಡ್ರಮ್ಮಿನ ನಡುವೆ ಅದು ಕೇಳಿಸುವುದಿಲ್ಲ. ನಮ್ಮ ಅಭಿಪ್ರಾಯ ಸ್ಪಷ್ಟ: ಆಟದ ತಿರುವುಗಳು ಬ್ಯಾಂಡಿಗೆ, ಉದ್ದದ ವಿರಾಮಗಳು ಸ್ಪೀಕರ್‌ಗೆ. ತಿರುಗುಮುರುಗು ಮಾಡಿದರೆ ಎರಡೂ ಕೆಡುತ್ತವೆ.

ಹಾಗಾದರೆ ಸ್ಪೀಕರ್ ಹಾಡು ಸಂಪ್ರದಾಯ ಆಗೋದೇ ಇಲ್ವಾ?

ಆಗುತ್ತದೆ. ವರ್ಜೀನಿಯಾ ಟೆಕ್ ತಂಡ 2000ದಿಂದ 'ಎಂಟರ್ ಸ್ಯಾಂಡ್‌ಮನ್' ಹಾಡಿಗೆ ಮೈದಾನಕ್ಕೆ ಬರುತ್ತದೆ. ವಿಸ್ಕಾನ್ಸಿನ್‌ನ ಕ್ಯಾಂಪ್ ರ‍್ಯಾಂಡಲ್‌ನಲ್ಲಿ 1998ರಿಂದ ಮೂರನೇ, ನಾಲ್ಕನೇ ಕ್ವಾರ್ಟರ್ ನಡುವೆ 'ಜಂಪ್ ಅರೌಂಡ್'. 2003ರಲ್ಲಿ ಕಟ್ಟಡದ ಸುರಕ್ಷತೆಯ ಕಾರಣ ಹೇಳಿ ನಿಲ್ಲಿಸಿದಾಗ ವಿದ್ಯಾರ್ಥಿಗಳು ದೊಡ್ಡ ಗಲಾಟೆ ಮಾಡಿ ವಾಪಸ್ ತರಿಸಿಕೊಂಡರು. ಅದೇ ಸ್ಟೇಡಿಯಂನಲ್ಲೇ ಫಿಫ್ತ್ ಕ್ವಾರ್ಟರೂ ನಡೆಯುತ್ತದೆ ಎಂಬುದನ್ನು ಗಮನಿಸಿ. ಕೆಲಸ ಮಾಡುವುದು ಒಂದೇ ಹಾಡು, ಒಂದೇ ಜಾಗ, ವರ್ಷಗಟ್ಟಲೆ. ಪ್ರತಿ ವಿರಾಮಕ್ಕೂ ಹೊಸ ಹಿಟ್ ಹಾಕುವ ಪಟ್ಟಿಯಿಂದ ಸಂಪ್ರದಾಯ ಹುಟ್ಟುವುದಿಲ್ಲ.

ಬ್ಯಾಂಡ್‌ದೇ ಹಾಡನ್ನು ರೆಕಾರ್ಡ್ ಮಾಡಿ ಹಾಕಿದರೆ ಎರಡೂ ಸಿಕ್ಕ ಹಾಗಲ್ವಾ?

ಕೊರೊನಾದ 2020ರಲ್ಲಿ ಇದು ತಾನಾಗಿ ಪರೀಕ್ಷೆಯಾಯಿತು. ಎಸ್‌ಇಸಿ ಆ ವರ್ಷ ಮೈದಾನದ ಪ್ರದರ್ಶನ ನಿಲ್ಲಿಸಿತು, ಹಲವು ಸ್ಟೇಡಿಯಂಗಳಲ್ಲಿ ಬ್ಯಾಂಡಿನ ಮುದ್ರಿಕೆ ಹಾಕಿದರು. ಅಂಕ ಬಂದ ಮೇಲಿನ ಹೋರಾಟದ ಹಾಡಿಗೆ ಅದು ನಡೆಯುತ್ತದೆ. ಮೂರನೇ ಡೌನ್ ತುಣುಕಿಗೆ ನಡೆಯುವುದಿಲ್ಲ. ಎದುರಾಳಿ ಟೈಮೌಟ್ ಕರೆದರೆ ಬ್ಯಾಂಡ್ ಇನ್ನೊಂದು ಸುತ್ತು ಹಾಕುತ್ತದೆ, ಮುದ್ರಿಕೆ ಮುಗಿದುಹೋಗಿರುತ್ತದೆ.

ನಮ್ಮ ಕನ್ನಡ ಹಾಡೊಂದನ್ನು ಕಾಲೇಜು ಬ್ಯಾಂಡಿನಿಂದ ನುಡಿಸಬಹುದಾ?

ಬಹುದು, ಮೂರು ನಾಲ್ಕು ತಿಂಗಳ ಮುಂಚೆ ಶುರು ಮಾಡಿದರೆ. ಸಿನಿಮಾ ಹಾಡಿನ ಹಕ್ಕು ಸಾಮಾನ್ಯವಾಗಿ ಆಡಿಯೊ ಕಂಪನಿಯ ಬಳಿ ಇರುತ್ತದೆ. ಬರಹದಲ್ಲಿ ಒಪ್ಪಿಗೆ ತರದೆ ನಿರ್ದೇಶಕರು ಮುಟ್ಟುವುದಿಲ್ಲ. ಗಮಕ ಹೆಚ್ಚಿರುವ ಹಾಡು ಬೇಡ. ಮೂರು ಕವಾಟದ ಟ್ರಂಪೆಟ್ ಜಾರು ಕೊಡಲಾರದು, ಟ್ರೊಂಬೋನ್ ಮಾತ್ರ ಕೊಡುತ್ತದೆ. ಹಾಗಾಗಿ ಜಾರುವ ಸಾಲುಗಳನ್ನು ಟ್ರೊಂಬೋನಿಗೆ ಬರೆಸಿ. ನಾಲ್ಕರ ನಡೆ, ಆರೆಂಟರ ಕುಣಿತದ ನಡೆ ಸಲೀಸು. ಏಳರ ಮಿಶ್ರಛಾಪು ನಡೆಯುತ್ತಾ ನುಡಿಸಲು ಕಷ್ಟ, ಏಕೆಂದರೆ ಪ್ರತಿ ಆವರ್ತಕ್ಕೂ ಮೊದಲ ಹೆಜ್ಜೆಯ ಕಾಲು ಬದಲಾಗುತ್ತದೆ, ನಿಂತು ನುಡಿಸಬಹುದು. ಹಾಡಿದವರ ಶ್ರುತಿಯನ್ನೇ ಹಿಡಿಯಬೇಡಿ, ಬಿ ಫ್ಲ್ಯಾಟ್ ಅಥವಾ ಇ ಫ್ಲ್ಯಾಟ್‌ಗೆ ಇಳಿಸಿ ಅಥವಾ ಏರಿಸಿ, ಬ್ಯಾಂಡಿನ ವಾದ್ಯಗಳಿಗೆ ಅವೇ ಸಹಜ. ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ: 90 ಸೆಕೆಂಡ್ ಮೀರದಿರಲಿ. ಮೊದಲ ಸಲ ಹಾಫ್ ಟೈಮ್ ಪ್ರದರ್ಶನಕ್ಕೆ ಕೇಳುವ ಬದಲು ಸ್ಟ್ಯಾಂಡಿನಲ್ಲಿ ನುಡಿಸುವ ಪಟ್ಟಿಗೆ ಸೇರಿಸಲು ಕೇಳಿ. ಅದಕ್ಕೆ ಹೆಜ್ಜೆ ಕಟ್ಟಬೇಕಿಲ್ಲ, ಒಪ್ಪುವ ಸಾಧ್ಯತೆ ಹೆಚ್ಚು.